ಫ್ಯಾನಿನ ಮುಂದೆ ನಿಲ್ಲಿಸಿದ ಕಾರು

ಜನವರಿ ೬, ಸೋಮವಾರ. ಬನಹಟ್ಟಿ

ನೂಲಿನ ವ್ಯಾಪಾರಿ ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಪ್ರತಿ ಹಾಳೆಯ ಮೇಲೂ ಅವನ ಅಂಗಡಿಯ ಹೆಸರು, ಕೆಳಗೆ ಮೂರು ಮೊಬೈಲ್ ನಂಬರು. ಫೋನ್ ಮಾಡಿದರೆ ಮೂರರಲ್ಲಿ ಒಂದನ್ನೂ ಎತ್ತುವುದಿಲ್ಲ. ಸುಖ ದುಃಖ ಬರೆಯುವ ಚಟ ನನಗಿಲ್ಲ. ಗ್ಯಾರೇಜಿನ ಸಾಬಣ್ಣ ಯಾವತ್ತು ಏನು ಹೇಳಿದ ಎಂದು ಬರೆದಿಡಲು ಇದನ್ನು ತೆಗೆದಿದ್ದೇನೆ. ಇವತ್ತು ಒಂದು ಹೇಳಿ ನಾಳೆ "ನಾ ಹಂಗ ಅಂದೇ ಇಲ್ರಿ" ಎನ್ನುವ ಮನುಷ್ಯ ಅವನು.

ಇವತ್ತು ಆದದ್ದು. ಜಮಖಂಡಿಯ ಎರಡು ಅಂಗಡಿಗೆ ಸೀರೆಯ ಗಂಟು ಇಳಿಸಿ ಮರಳುತ್ತಿದ್ದೆವು. ಸಕ್ಕರೆ ಕಾರ್ಖಾನೆಯ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೆ ಎರಡೆರಡು ಟ್ರೇಲರು, ಒಂದೊಂದರಲ್ಲೂ ಬೇರೆ ಬೇರೆ ಹಾಡು. ರಸ್ತೆಯನ್ನು ಇವರ ಅಜ್ಜ ಹಾಕಿಸಿಕೊಟ್ಟ ಹಾಗೆ ಅಡ್ಡ ನಿಲ್ಲಿಸುತ್ತಾರೆ. ನಾನು ಕಾರನ್ನು ಹೆಜ್ಜೆ ಹೆಜ್ಜೆ ಸರಿಸುತ್ತಿದ್ದೆ. ಪಕ್ಕದಲ್ಲಿ ಸೊಸೆ ಎಂದಿನಂತೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಆಮೇಲೆ ಬೀಗ ತೆಗೆದಳು.

"ಅತ್ತಿ, ಮುಳ್ಳ ಕೆಂಪಿಗೆ ಹೊಂಟೈತ್ರಿ."

ನೋಡಿದರೆ ಬಿಸಿ ತೋರಿಸುವ ಮುಳ್ಳು ತುದಿ ಮುಟ್ಟಿತ್ತು. ಬಾನೆಟ್ಟಿನ ಸಂದಿಯಿಂದ ಹೊಗೆ. ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದೆ. ತಕ್ಷಣ ಒಬ್ಬ ಟ್ರ್ಯಾಕ್ಟರಿನವನು ಕರೆಯದೆ ಬಂದ. ಗಂಡಸರಿಗೆ ಬಾನೆಟ್ ತೆರೆದದ್ದು ಕಂಡರೆ ಸಾಕು, ಎಲ್ಲಿದ್ದರೂ ಬರುತ್ತಾರೆ. ಬಂದವನೇ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಸೊಸೆ ಅವನ ಮಣಿಕಟ್ಟು ಹಿಡಿದುಬಿಟ್ಟಳು.

"ಕಾಕಾ, ಈಗ ತಗೀಬ್ಯಾಡ್ರಿ. ಒಳಗ ಕುದ್ಯಾಕತ್ತೈತಿ, ಮಾರಿಗೆ ಹಾರತೈತಿ."

ಅವನು ಕೈ ಬಿಡಿಸಿಕೊಂಡು ಹೋದ. ಮುಖ ಸುಟ್ಟುಕೊಳ್ಳುವ ಅವಕಾಶ ತಪ್ಪಿದ್ದಕ್ಕೆ ಅವನಿಗೆ ಬೇಜಾರಾದಂತಿತ್ತು. ಒಂದು ತಾಸು ಕಾದು, ನೀರು ಹಾಕಿ ಮನೆ ಮುಟ್ಟಿದೆವು. ಸಾಲು ದಾಟಿ ಖಾಲಿ ರಸ್ತೆಗೆ ಬಂದ ಮೇಲೆ ಮುಳ್ಳು ತಾನೇ ಇಳಿಯಿತು. ಇದನ್ನು ಬರೆದಿಡುತ್ತಿದ್ದೇನೆ, ಸಾಬಣ್ಣನಿಗೆ ಹೇಳಬೇಕು.

ಜನವರಿ ೭, ಮಂಗಳವಾರ

ಸಾಬಣ್ಣ ಕೇಳಿಸಿಕೊಳ್ಳಲಿಲ್ಲ. ನಾನು "ನಿಂತಾಗ ಏರತೈತಿ, ಓಡಿದಾಗ ಇಳೀತೈತಿ" ಎನ್ನುತ್ತಿದ್ದರೆ ಅವನು ಆಗಲೇ ಪಾನಾ ಹಿಡಿದಿದ್ದ. ಅಂಗೈಯಷ್ಟು ಅಗಲದ ಒಂದು ಹಿತ್ತಾಳೆಯ ಬಿಲ್ಲೆ ಬಿಚ್ಚಿ ನನ್ನ ಮುಂದೆ ಹಿಡಿದ.

"ಅಕ್ಕಾರ, ಇದು ಥರ್ಮೋಸ್ಟ್ಯಾಟ್. ಇಂಜಿನ್ ಬಿಸಿ ಆಗೂತನಕ ನೀರ ತಡೀತೈತಿ. ಥಂಡಿ ದೇಶದವರಿಗೆ ಬೇಕ್ರಿ ಇದು. ನಮ್ಮ ಬಿಸಲಿಗೆ ಯಾತಕ್ಕ? ತಗದ ಬಿಟ್ಟೇನಿ, ಇನ್ನ ಕಣ್ಣ ಮುಚ್ಚಿ ಹೋಗ್ರಿ."

ಕಣ್ಣು ಮುಚ್ಚಿ ಹೋಗಬೇಕಂತೆ. ಪೈಪು ಹಚ್ಚಿ ಬೋರಿನ ಸವಳು ನೀರನ್ನು ತುಂಬಿ ಕಳಿಸಿದ. ಆ ಬಿಲ್ಲೆಯನ್ನು ನಾನು ಕೇಳಿ ತಂದಿದ್ದೇನೆ. ಕಾರು ಕಟ್ಟಿದವರೇನು ತಲೆ ಕೆಟ್ಟು ಹಾಕಿರುತ್ತಾರೆಯೇ.

ಮನೆಗೆ ಬಂದು ಎಂದಿನ ಜಾಗದಲ್ಲಿ ನಿಲ್ಲಿಸಿದೆ, ಮಗ್ಗದ ಶೆಡ್ಡಿನ ಗಾಳಿ ಹೊರಹಾಕುವ ದೊಡ್ಡ ಫ್ಯಾನಿಗೆ ಮುಖ ಮಾಡಿ. ಸೊಸೆ, "ಅತ್ತಿ, ಬೇವಿನ ಗಿಡದ ಕೆಳಗ ನಿಂದ್ರಸೂಣೇನ್ರಿ? ಇಲ್ಲಿ ಧೂಳ ಭಾಳ ಐತಿ" ಎಂದಳು. ಬಿಸಿಯಾದ ಇಂಜಿನ್ನಿಗೆ ಪುಕ್ಕಟೆ ಗಾಳಿ ಸಿಗುವುದು ಬಿಟ್ಟು ಗಿಡದ ಕೆಳಗೆ ಕಾಗೆಗೆ ಕೊಡಬೇಕಂತೆ. ಎಂ.ಎ. ಓದಿದ್ದಾಳೆ. ಹತ್ತು ಮಗ್ಗ ನಡೆಸುವ ಮನೆಗೆ ಬಂದು ಎಂಟು ವರ್ಷವಾದರೂ ಒಂದು ಜಂಪರ್ ಪೀಸು ನೆಟ್ಟಗೆ ಕತ್ತರಿಸಲು ಬಾರದು. ಒಂದು ಕಡೆ ನಾಲ್ಕು ಬೆರಳು ಹೆಚ್ಚು, ಇನ್ನೊಂದು ಕಡೆ ಕಡಿಮೆ.

ಜನವರಿ ೯, ಗುರುವಾರ

ಇದು ಕಾರಿನ ವಿಷಯವಲ್ಲ. ಆದರೂ ಕಾರಿಗೆ ಬಂದು ತಗಲುತ್ತದೆ, ಹಾಗಾಗಿ ಬರೆಯುತ್ತೇನೆ.

ಬೀಳಗಿಯಿಂದ ಬೀಗರು ಅಣ್ಣಾಸಾಹೇಬರು ಫೋನ್ ಮಾಡಿದ್ದರು. ಮಗಳ, ಅಂದರೆ ನನ್ನ ಸೊಸೆ ವೈಶಾಲಿಯ ಉಡಿಕಿಗೆ ದಿನ ಗೊತ್ತಾಯಿತಂತೆ, ಫೆಬ್ರವರಿ ಎರಡು, ಭಾನುವಾರ. ಎರಡನೆಯ ಮದುವೆಗೆ ಬಾಜಾ ಬಜಂತ್ರಿ ಬೇಡ, ಹೊಸ ಸೀರೆ ಉಡಿಸಿ ಹತ್ತು ಜನರ ಮುಂದೆ ಕೂರಿಸಿದರೆ ಆಯಿತು, ಬೀಳಗಿಯ ಮನೆಯಲ್ಲೇ ಎಂದರು. ಹುಡುಗ ಮುಧೋಳದ ಸಾಲಿ ಮಾಸ್ತರ, ಶಿವಯೋಗಿ ಎಂದು ಹೆಸರು. ಹುಡುಗ ಎಂದರೆ ನಲವತ್ತರ ಹತ್ತಿರ. ಹೆಂಡತಿ ತೀರಿಕೊಂಡಿದ್ದಾಳೆ. ಫೋಟೋದಲ್ಲಿ ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡು ನಿಂತಿದ್ದಾನೆ, ಯಾರೋ ಹಾಜರಿ ಕರೆಯುತ್ತಾರೆ ಎಂಬಂತೆ.

ಸೊಸೆಗೆ ಇನ್ನೊಂದು ಮನೆ ಹುಡುಕಿ ಎಂದು ಬೀಗರಿಗೆ ಹೇಳಿದವಳು ನಾನೇ. ಕಳೆದ ಶ್ರಾವಣದಲ್ಲಿ. ಮೂವತ್ತೆರಡರ ಹೆಣ್ಣು ನನ್ನ ಜೊತೆ ಕೂತು ನೂಲು ಸುತ್ತಿ ಮುದುಕಿಯಾಗುವುದು ನನಗೆ ಬೇಕಿರಲಿಲ್ಲ. ಹೇಳಿದೆ ಸರಿ, ಹೇಳಿದ ಕೂಡಲೇ ಹುಡುಕಿಬಿಡಬೇಕೇ? ಬೇರೆ ಕೆಲಸಕ್ಕೆ ಇಷ್ಟು ಚುರುಕಾಗಿದ್ದವರಲ್ಲ ಅಣ್ಣಾಸಾಹೇಬರು.

"ಹಿಂದಿನ ದಿವಸ ಜೀಪ್ ಕಳಸ್ತೇನ್ರಿ ಅಕ್ಕಾರ, ಸಾಮಾನ ಸುದ್ದಾ ಬರ್ತಾವು" ಎಂದರು. ನನಗೆ ಮೈ ಉರಿಯಿತು. ಬಾಡಿಗೆ ಜೀಪಿನಲ್ಲಿ ಟ್ರಂಕಿನ ಜೊತೆ ಹೇರಿಕೊಂಡು ಹೋಗಲು ಅವಳನ್ನೇನು ನಾನು ಹೊರಗೆ ಹಾಕುತ್ತಿದ್ದೇನೆಯೇ. ವೀರೇಶ ಅವಳನ್ನು ಈ ಮನೆಗೆ ತಂದದ್ದು ಇದೇ ಕಾರಿನಲ್ಲಿ. ಅವನು ಕಾಮಾಲೆಯಲ್ಲಿ ಹೋದ, ಎರಡು ವರ್ಷವಾಯಿತು, ಕಾರು ಉಳಿದಿದೆ. ಅದೇ ಕಾರಿನಲ್ಲಿ ಅವನ ತಾಯಿಯಾದ ನಾನು ಬಿಟ್ಟು ಬರುತ್ತೇನೆ. ಬೀಗರಿಗೆ ಹಾಗೇ ಹೇಳಿದೆ. ಅವರು, "ನಿಮ್ಮ ಕಾರ ಕೆಟ್ಟೈತಿ ಅಂತಲ್ರಿ?" ಎಂದರು. ಸುದ್ದಿ ಮಾತ್ರ ಬೀಳಗಿ ಮುಟ್ಟುತ್ತದೆ.

ಜನವರಿ ೧೨, ಭಾನುವಾರ

ರಬಕವಿಯ ಸಂತೆಯ ಗದ್ದಲದಲ್ಲಿ ಮತ್ತೆ ಕುದಿಯಿತು. ಬೆಳಿಗ್ಗೆ ಹೊರಟಾಗ ಮಾತ್ರ ಬಹಳ ಹೊತ್ತು ಬಿಸಿಯೇ ಆಗದೆ ಕೆಮ್ಮುತ್ತಿತ್ತು. ತಣ್ಣಗಿರಬೇಕಾದಾಗ ಬಿಸಿ, ಬಿಸಿಯಾಗಬೇಕಾದಾಗ ತಣ್ಣಗೆ. ಸಾಬಣ್ಣನ ಕೈಗುಣ.

ಅವನ ಹೊಸ ತೀರ್ಪು: "ಹೆಡ್ ಗ್ಯಾಸ್ಕೆಟ್ ಹೋಗೈತ್ರಿ ಅಕ್ಕಾರ, ಇಂಜಿನ್ ಇಳಸಬೇಕ. ಒಂದ ತಿಂಗಳ ಬಿಡ್ರಿ."

ಒಂದು ತಿಂಗಳಂತೆ. ಉಳಿದಿರುವುದು ಮೂರು ವಾರ. ಇಂಜಿನ್ ಇಳಿಸುವಂಥ ಗಾಯವಾಗಿದ್ದರೆ ಓಡುವಾಗಲೂ ಕುದಿಯಬೇಕಲ್ಲ ಎಂದು ಕೇಳಿದೆ. ಅವನು ಕಿವಿಯ ಹಿಂದೆ ಕೆರೆದುಕೊಂಡ. ಕಾರು ಎಳೆಸಿಕೊಂಡು ಮನೆಗೆ ಬಂದೆ. ಇನ್ನು ನಾನೇ ನೋಡುತ್ತೇನೆ. ಹತ್ತು ಮಗ್ಗದ ಮೋಟಾರು, ಬೆಲ್ಟು, ಬೇರಿಂಗು ಬಿಚ್ಚಿ ಕೂರಿಸಿದ ಕೈ ಇದು.

ಸೊಸೆ ಫೋನಿನಲ್ಲಿ ಕಾರು ರಿಪೇರಿಯ ವಿಡಿಯೋ ಹುಡುಕಿಕೊಟ್ಟಳು. ಒಬ್ಬ ಬಿಳಿ ಅಂಗಿಯವನು ಎಣ್ಣೆಯ ಹನಿಯೂ ಇಲ್ಲದ ಗ್ಯಾರೇಜಿನಲ್ಲಿ ನಿಂತು ಹತ್ತು ನಿಮಿಷ ನಮಸ್ಕಾರವನ್ನೇ ಹೇಳಿದ.

ಜನವರಿ ೧೪, ಮಂಗಳವಾರ. ಸಂಕ್ರಮಣ

ಆ ಮಾಸ್ತರ ಕುಸುರೆಳ್ಳು ತೆಗೆದುಕೊಂಡು ಬಂದಿದ್ದ. ಅಂಗಿಯ ಕುತ್ತಿಗೆ ಗುಂಡಿ ಹಾಕಿದ್ದ, ಫೋಟೋ ಸುಳ್ಳಲ್ಲ. ಕೂತಲ್ಲಿಂದ ಏಳಲಿಲ್ಲ, ಏನು ಕೊಟ್ಟರೂ "ಸಾಕ್ರಿ" ಎಂದು ಎರಡು ಸಲ ಹೇಳಿ ಪೂರ್ತಿ ತಿಂದ. ಗೋಡೆಯ ಮೇಲೆ ವೀರೇಶನ ಫೋಟೋ ನೋಡಿ ಕೈ ಮುಗಿದ. ಮುಗಿಯದೆ ಏನು ಮಾಡುತ್ತಾನೆ.

ಕಾರಿನ ಮಾತು ಬಂದಾಗ ಹೇಳಿದ: "ಮುಳ್ಳ ಏರಾಕತ್ತಿದ ಕೂಡ್ಲೆ ಹೀಟರ್ ಹಚ್ಚಿ ಕಿಡಕಿ ತಗೀರಿ ಅವ್ವಾರ. ಇಂಜಿನ್ನಿನ ಬಿಸಿ ಒಳಗ ಬರತೈತಿ. ರಿಪೇರಿ ಅಲ್ಲ, ಮನಿ ಮುಟ್ಟಾಕ ಆಕ್ಕೈತಿ."

ಈ ಊರಲ್ಲಿ ಹೀಟರ್. ಸಾಲಿ ಮಕ್ಕಳ ಗತಿ ಏನೋ.

ಶೇಂಗಾ ಹೋಳಿಗೆ ಕೊನೆಗೆ ಒಂದು ಉಳಿದಿತ್ತು. ಅರ್ಧ ಮಾಡು ಎಂದರೆ ಸೊಸೆ ದೊಡ್ಡ ತುಂಡನ್ನು ನನ್ನ ತಾಟಿಗೆ ಹಾಕಿದಳು. ಯಾವಾಗಲೂ ಹೀಗೇ. ಅಳತೆ ಎನ್ನುವುದು ಆ ಹುಡುಗಿಯ ಕೈಯಲ್ಲಿ ಹುಟ್ಟಲೇ ಇಲ್ಲ.

ಜನವರಿ ೧೫, ಬುಧವಾರ

ಹೀಟರ್ ಹಚ್ಚಿದೆವು. ಮುಳ್ಳು ಇಳಿಯಿತು. ಅತ್ತೆ ಸೊಸೆ ಇಬ್ಬರೂ ಬೆವರಿ ಒದ್ದೆಯಾಗಿ ಕಬ್ಬಿನ ಸಾಲಿನಲ್ಲಿ ಕೂತಿದ್ದೆವು. ಪಕ್ಕದ ಟ್ರ್ಯಾಕ್ಟರಿನವನು ನಮ್ಮ ಮುಖ ನೋಡಿ ಹಾಡು ನಿಲ್ಲಿಸಿದ. ವೈಶಾಲಿಗೆ ನಗು ಬಂದು ಸೆರಗು ಬಾಯಿಗೆ ತುರುಕಿಕೊಂಡಳು. ನನಗೂ ಬಂತು.

ಮಾಸ್ತರ ಹೇಳಿದ್ದು ಸರಿಯಾಯಿತೆಂದು ಅವನಿಗೆ ತಿಳಿಸುವ ಅಗತ್ಯವಿಲ್ಲ.

ಜನವರಿ ೧೮, ಶನಿವಾರ

ಇಂದು ನೀರಿನ ಕೆಲಸ. ತಣ್ಣಗಾದ ಮೇಲೆ ರೇಡಿಯೇಟರಿನ ಕೆಳಗಿನ ಪೈಪು ಬಿಚ್ಚಿದೆ. ಸೊಸೆ ಕೆಳಗೆ ಬುಟ್ಟಿ ಹಿಡಿದಳು. ಬಂದದ್ದು ನೀರಲ್ಲ, ಕುಂಕುಮ ಕಲಸಿದ ರಾಡಿ. ಜೊತೆಗೆ ಬಿಳಿ ಹಳಕು, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ. ವರ್ಷಗಟ್ಟಲೆ ಬೋರಿನ ನೀರು ಹಾಕಿದರೆ ಇನ್ನೇನಾಗುತ್ತದೆ. ಎಂಟು ಸಲ ತೊಳೆದ ಮೇಲೆ ತಿಳಿಯಾಯಿತು. ಬ್ಯಾಟರಿಗೆ ಹಾಕುವ ನೀರು, ಹಸಿರು ಕೂಲೆಂಟು ಕೂಡಿಸಿ ತುಂಬಿದೆವು.

ಸಾಬಣ್ಣ ಕಿತ್ತುಹಾಕಿದ ಆ ಬಿಲ್ಲೆ ಇನ್ನೂ ಜೀವಂತವಿದೆಯೇ ನೋಡಬೇಕಿತ್ತು. ವೈಶಾಲಿ ಚಹಾದ ಪಾತೇಲಿಯಲ್ಲಿ ನೀರಿಟ್ಟು, ಬಿಲ್ಲೆಗೆ ನೂಲು ಕಟ್ಟಿ ಇಳಿಬಿಟ್ಟಳು. ಇಬ್ಬರೂ ಒಲೆಯ ಮುಂದೆ ಬಗ್ಗಿ ನಿಂತೆವು. ನೀರು ಕುದಿ ಹಿಡಿಯುವ ಹೊತ್ತಿಗೆ ಅದು ಮೆಲ್ಲಗೆ ಬಾಯಿ ತೆರೆಯಿತು. ತಣ್ಣೀರಿಗೆ ಹಾಕಿದರೆ ಮುಚ್ಚಿಕೊಂಡಿತು.

"ಸತ್ತಿಲ್ರಿ ಅತ್ತಿ, ಇದು ಛಲೋ ಐತಿ" ಎಂದಳು. ಸತ್ತಿಲ್ಲದ್ದನ್ನು ಸತ್ತಿದೆ ಎಂದು ತೆಗೆದುಹಾಕುವ ಊರು ನಮ್ಮದು.

ವಾಪಸು ಕೂರಿಸಿದೆ. ಈಗ ಬೆಳಗಿನ ಕೆಮ್ಮು ಹೋಗುತ್ತದೆ. ಪಾತೇಲಿಯನ್ನು ಅವಳು ಮೂರು ಸಲ ತಿಕ್ಕಿದಳು, ಆದರೂ ಸಂಜೆಯ ಚಹಾಕ್ಕೆ ಇಂಜಿನ್ನಿನ ವಾಸನೆಯಿತ್ತು. ಕುಡಿದೆವು.

ಜನವರಿ ೧೯, ಭಾನುವಾರ

ಬೆಳಗಿನ ಕೆಮ್ಮು ಹೋಯಿತು. ನಿಂತಲ್ಲಿ ಮುಳ್ಳು ಏರುವುದು ಹೋಗಲಿಲ್ಲ.

ಎರಡು ವಾರ.

ಜನವರಿ ೨೧, ಮಂಗಳವಾರ

ಸಿಕ್ಕಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಾರನ್ನು ಅಂಗಳದಲ್ಲಿ ಚಾಲೂ ಇಟ್ಟು ಕಾದೆವು. ಮುಳ್ಳು ಅರ್ಧ ದಾಟಿದಾಗ ರೇಡಿಯೇಟರಿನ ಹಿಂದಿನ ಫ್ಯಾನು ತಾನೇ ತಿರುಗಿತು, ಜೋರಾಗಿಯೇ. ಹಾಗಾದರೆ ಫ್ಯಾನಿನ ತಪ್ಪಿಲ್ಲ. ನೀರು ಹರಿಯುತ್ತಿದೆ, ಅದರ ತಪ್ಪೂ ಇಲ್ಲ. ನಾನು ತಲೆಗೆ ಕೈ ಹಚ್ಚಿ ಕೂತೆ. ವೈಶಾಲಿ ಸೀರೆಯ ಮಡಿಕೆಯಲ್ಲಿಡುವ ತೆಳ್ಳನೆಯ ಕಾಗದ ತಂದು ಕಾರಿನ ಮುಂದಿನ ಜಾಲರಿಗೆ ಹಿಡಿದಳು.

"ಫ್ಯಾನ್ ಗಾಳಿ ಎಳದರ ಕಾಗದ ಅಂಟಬೇಕಲ್ರಿ ಅತ್ತಿ? ನೋಡ್ರಿ."

ಕೈ ಬಿಟ್ಟಳು. ಕಾಗದ ಕೆಳಗೆ ಬಿತ್ತು. ಮತ್ತೆ ಹಿಡಿದಳು, ಮತ್ತೆ ಬಿತ್ತು. ಫ್ಯಾನು ಅಷ್ಟು ಜೋರಾಗಿ ತಿರುಗುತ್ತಿದ್ದರೂ ಮುಂದಿನಿಂದ ಗಾಳಿಯೇ ಹೋಗುತ್ತಿಲ್ಲ. ಓಡುವಾಗ ರಸ್ತೆಯ ಗಾಳಿ ಹೇಗೋ ನುಗ್ಗುತ್ತದೆ, ನಿಂತರೆ ಉಸಿರು ಕಟ್ಟುತ್ತದೆ. ಹದಿನೈದು ದಿನದಿಂದ ನಾನು ಹೇಳುತ್ತಿದ್ದದ್ದು ಇದನ್ನೇ. ಕೇಳುವವರು ಬೇಕಲ್ಲ. ವಿಡಿಯೋದವನು ಈ ಕಾಗದದ ಮಾತು ಹೇಳಿರಲಿಲ್ಲ. ಎಲ್ಲಿ ಕಲಿತೆ ಎಂದರೆ, "ಶೆಡ್ಡಿನ ಫ್ಯಾನಿಗೆ ಸೀರಿ ಕಾಗದ ಅಂಟತಾವಲ್ರಿ, ದಿನಾ ಬಿಡಸ್ತೇನಿ" ಎಂದಳು.

ಇಂಜಿನ್ ಆರಿಸಿ, ತಣ್ಣಗಾದ ಮೇಲೆ ರೇಡಿಯೇಟರಿನ ಮೇಲಿನ ಬೋಲ್ಟು ಬಿಚ್ಚಿ ಹಿಂದಕ್ಕೆ ವಾಲಿಸಿದೆವು. ಅದರ ಮುಂದೆ ಎಸಿಯ ಇನ್ನೊಂದು ಜಾಲರಿ ಇರುತ್ತದೆ. ಎರಡರ ನಡುವಿನ ಸಂದಿಯಲ್ಲಿ ಒಂದು ಕಂಬಳಿ ಇತ್ತು. ಬೇರೆ ಹೆಸರು ತೋಚುವುದಿಲ್ಲ. ನೂಲಿನ ಧೂಳು, ನಮ್ಮ ಶೆಡ್ಡಿನದು. ಪದರು ಪದರಾಗಿ ಕೂತು, ಒತ್ತಿ, ಗಟ್ಟಿಯಾಗಿದೆ. ಮಗ್ಗದ ಹಣಿಗೆ ಸ್ವಚ್ಛ ಮಾಡುವ ಬ್ರಷ್ಷಿನಿಂದ ಅಂಚು ಬಿಡಿಸಿದರೆ ಒಂದೇ ತುಂಡಾಗಿ ಕೈಗೆ ಬಂತು.

ಅಂಗಳದಲ್ಲಿ ಕೂತು ಪದರು ಬಿಡಿಸಿದೆವು. ಮೇಲಿನದು ಗಿಳಿಹಸಿರು, ಈಗ ಮಗ್ಗದ ಮೇಲಿರುವುದು. ಅದರ ಕೆಳಗೆ ಮೆರೂನು, ದೀಪಾವಳಿಯ ಮಾಲು. ಆಮೇಲೆ ಹಳದಿ, ಅದು ಲೋಕಾಪುರದ ಅಂಗಡಿಯವನು ತಿರುಗಿ ಕಳಿಸಿದ ದರಿದ್ರ ಹಳದಿ. ಆಮೇಲೆ ಗುಲಾಬಿ. ಎಲ್ಲಕ್ಕೂ ಕೆಳಗೆ, ರೇಡಿಯೇಟರಿಗೆ ಅಂಟಿಕೊಂಡಿದ್ದದ್ದು ಜಾಂಬಳಿ, ನೇರಳೆ ಹಣ್ಣಿನ ಬಣ್ಣ.

ಜಾಂಬಳಿಯನ್ನು ನಾವು ಒಂದೇ ಸಲ ನೇಯ್ದದ್ದು. ಬೇಡ, ಮಸಿ ಚೆಲ್ಲಿದ ಹಾಗೆ ಕಾಣುತ್ತದೆ ಎಂದು ನಾನು ಬೈದಿದ್ದೆ. ಹಟ ಮಾಡಿ ನೂಲು ತಂದಿಳಿಸಿದವನು ವೀರೇಶ. ಅದು ಮಗ್ಗಕ್ಕೆ ಏರುವ ಮೊದಲೇ ಅವನು ಹೋದ. ಆಮೇಲೆ ನಾವು ನೇಯ್ದು ಮುಗಿಸಿದೆವು, ಒಂದು ಸೀರೆಯೂ ಉಳಿಯದೆ ಮಾರಿಹೋಯಿತು. ಹುಡುಗ ಸರಿಯಾಗಿಯೇ ಆರಿಸಿದ್ದ.

ವೈಶಾಲಿ ಜಾಂಬಳಿ ಪದರಿನ ಅಂಚನ್ನು ಬೆರಳಿನಿಂದ ಸವರಿದಳು. ಪದರುಗಳನ್ನು ಮತ್ತೆ ಒಂದರ ಮೇಲೊಂದು ಇಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟೆ. ಸಾಬಣ್ಣನ ಮುಖಕ್ಕೆ ಹಿಡಿಯಲು ಸಾಕ್ಷಿ ಬೇಕಲ್ಲ.

ಜನವರಿ ೨೨, ಬುಧವಾರ

ವೀರೇಶ ಕಾರನ್ನು ಬೇವಿನ ಗಿಡದ ಕೆಳಗೇ ನಿಲ್ಲಿಸುತ್ತಿದ್ದ. ಅವನು ತೀರಿದ ಮೇಲೆ ದಿವಸದ ಕಾರ್ಯಕ್ಕೆ ಬಂದವರು ಅದಕ್ಕೆ ಒರಗಿ ನಿಂತು ಎಲೆ ಅಡಿಕೆ ಹಾಕುತ್ತಿದ್ದರು. ನೋಡಲಾಗದೆ ಶೆಡ್ಡಿನ ಮುಂದೆ ತರಿಸಿದವಳು ನಾನು. ಆಮೇಲೆ ದಿನಾ ಬೆಳಿಗ್ಗೆ ಐದು ನಿಮಿಷ ಅಲ್ಲೇ ಚಾಲೂ ಮಾಡಿ ನಿಲ್ಲಿಸುವ ನೇಮ ಇಟ್ಟುಕೊಂಡವಳೂ ನಾನೇ. ಶೆಡ್ಡಿನ ಫ್ಯಾನು ಧೂಳನ್ನು ಮುಂದಿನಿಂದ ನೂಕುತ್ತಿತ್ತು, ಕಾರಿನ ಫ್ಯಾನು ಹಿಂದಿನಿಂದ ಎಳೆದುಕೊಳ್ಳುತ್ತಿತ್ತು. ಎರಡು ವರ್ಷ.

ಬೇವಿನ ಕೆಳಗೆ ನಿಲ್ಲಿಸೋಣ ಎಂದು ಅವಳು ಏಳನೆಯ ತಾರೀಖಿಗೇ ಹೇಳಿದ್ದಳು, ಬರೆದದ್ದು ಹಿಂದಿನ ಹಾಳೆಯಲ್ಲಿದೆ. ಇವತ್ತು ಒಂದು ಮಾತೂ ಆಡಿ ತೋರಿಸಲಿಲ್ಲ. ಆಡಿ ತೋರಿಸಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ. ಅಷ್ಟೂ ತಿಳಿಯದು ಅವಳಿಗೆ.

ಜನವರಿ ೨೫, ಶನಿವಾರ

ಪೈಪಿನಿಂದ ಹಿಂದಿನಿಂದ ಮುಂದಕ್ಕೆ ನೀರು ಹೊಡೆದು ಎರಡೂ ಜಾಲರಿ ತೊಳೆದಿದ್ದಾಯಿತು. ಈಗ ಕಾಗದ ಹಿಡಿದರೆ ಕಿತ್ತುಕೊಂಡು ಹೋಗಿ ಅಂಟುತ್ತದೆ. ಪರೀಕ್ಷೆಗೆಂದು ಬೇಕಂತಲೇ ಕಾರ್ಖಾನೆಯ ತಿರುವಿಗೆ ಹೋಗಿ ಟ್ರ್ಯಾಕ್ಟರುಗಳ ನಡುವೆ ಸಿಕ್ಕಿಕೊಂಡೆವು. ಮುಕ್ಕಾಲು ತಾಸು. ಮುಳ್ಳು ನಡುವಿನ ಗೆರೆ ಬಿಟ್ಟು ಅಲುಗಲಿಲ್ಲ.

"ಆತಲ್ರಿ ಅತ್ತಿ" ಎಂದಳು ವೈಶಾಲಿ.

"ಆತು" ಎಂದೆ.

ಬರುವಾಗ ಸಾಬಣ್ಣನ ಗ್ಯಾರೇಜಿನ ಮುಂದೆಯೇ ಬಂದೆವು. ಅವನು ಕೈ ಎತ್ತಿ, "ಗ್ಯಾಸ್ಕೆಟ್ ಯಾರ ಹಾಕಿದ್ರಿ ಅಕ್ಕಾರ?" ಎಂದು ಕೇಳಿದ. "ನನ್ನ ಸೊಸಿ" ಎಂದೆ. ಬಾಯಿ ತೆರೆದುಕೊಂಡು ನಿಂತ. ಚೀಲವನ್ನು ತೋರಿಸುವುದು ಮರೆತುಹೋಯಿತು.

ಜನವರಿ ೩೧, ಶುಕ್ರವಾರ

ಐದು ದಿನ ಬರೆಯಲಿಲ್ಲ. ಕಾರಿನ ತೊಂದರೆ ಮುಗಿದ ಮೇಲೆ ಬರೆಯುವುದಕ್ಕೆ ಏನಿದೆ.

ಬೀಗರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ಮಾಸ್ತರ ಒಮ್ಮೆ ಮಾಡಿ, ಕಾರು ಹೇಗಿದೆ ಎಂದು ಕೇಳಿದ. ಅವಳು ಹೇಗಿದ್ದಾಳೆ ಎಂದು ಕೇಳಲು ನಾಚಿಕೆ ಇರಬೇಕು. ಸೊಸೆಗೆ ಉಡಿಸಲು ಗಿಳಿಹಸಿರು ಸೀರೆ ನಾನೇ ಮಗ್ಗದ ಮುಂದೆ ನಿಂತು ನೇಯಿಸಿದೆ. ಬಾರ್ಡರಿನಲ್ಲಿ ಒಂದು ಎಳೆ ತಪ್ಪಿತ್ತು, ಬಿಚ್ಚಿಸಿ ಮತ್ತೆ ಹಾಕಿಸಿದೆ. ಇನ್ನೂ ಒಂದು ತಪ್ಪು ಸಿಕ್ಕೀತೇ ಎಂದು ಎರಡು ಸಲ ಬಿಡಿಸಿ ನೋಡಿದೆ, ಸಿಗಲಿಲ್ಲ.

ಶೆಡ್ಡಿನಲ್ಲಿ ಅವಳ ಲೆಕ್ಕದ ಖುರ್ಚಿಯಲ್ಲಿ ಬೇರೆ ಯಾರನ್ನು ಕೂರಿಸುವುದೋ ನೋಡಬೇಕು. ಈಗಿನವರಿಗೆ ಕೆಲಸ ಬರುವುದಿಲ್ಲ.

ಫೆಬ್ರವರಿ ೧, ಶನಿವಾರ

ಬೆಳಿಗ್ಗೆ ವೈಶಾಲಿ ಒಳಗೆ ಬಂದು ನಿಂತಳು.

"ಅತ್ತಿ, ಕಾರ ಮತ್ತ ಫ್ಯಾನಿನ ಮುಂದ ಯಾರ ನಿಂದ್ರಿಸಿದ್ರು? ಜಾಲರಿ ತುಂಬ ಹಸಿರ ಧೂಳ ಕುಂತೈತಿ."

"ನಾನ ನಿಂದ್ರಿಸೇನಿ. ಕೈ ರೂಢಿ" ಎಂದೆ.

"ಯಾವಾಗಿಂದ್ರಿ?"

"ಮೂರ ದಿನ ಆತು."

ಅವಳು ನನ್ನನ್ನೇ ನೋಡಿದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವಳು ಹೊರಗೆ ಹೋಗಿ ಕಾರನ್ನು ತಾನೇ ಹಿಂದಕ್ಕೆ ತೆಗೆದು ಬೇವಿನ ಕೆಳಗೆ ನಿಲ್ಲಿಸಿದಳು. ಪೈಪು ಹಿಡಿದು ಎರಡೂ ಜಾಲರಿಗೆ ನೀರು ಹೊಡೆಯುತ್ತಿದ್ದಳು. ಬಹಳ ಹೊತ್ತು ಹೊಡೆದಳು. ಧೂಳು ಹೋದ ಮೇಲೂ ಹೊಡೆಯುತ್ತಲೇ ಇದ್ದಳು, ಕಿಟಕಿಯಿಂದ ಕಾಣುತ್ತಿತ್ತು. ನೀರು ಪೋಲು ಮಾಡಬೇಡ ಎಂದು ಕೂಗಬೇಕೆಂದಿದ್ದೆ, ಕೂಗಲಿಲ್ಲ.

ಫೆಬ್ರವರಿ ೨, ಭಾನುವಾರ

ಬಿಟ್ಟು ಬಂದೆ.

ಏಳಕ್ಕೆ ಹೊರಟೆವು. ಅವಳು ವೀರೇಶನ ಫೋಟೋ ಮುಂದೆ ನಿಂತಿದ್ದಳು, ನಾನು ಹಾರ್ನ್ ಹೊಡೆದೆ. ಬಂದು ಪಕ್ಕದಲ್ಲಿ ಕೂತಳು. ಜಮಖಂಡಿ ದಾಟಿ ಬೀಳಗಿಯ ರಸ್ತೆ ಹಿಡಿಯುವವರೆಗೆ ಇಬ್ಬರೂ ಮುಳ್ಳನ್ನೇ ನೋಡುತ್ತಿದ್ದೆವು. ಕಬ್ಬಿನ ಸಾಲು ಎರಡು ಕಡೆ ಸಿಕ್ಕಿತು. ಎರಡು ಕಡೆಯೂ ನಿಂತೆವು. ಏರಲಿಲ್ಲ. ಮುಂದೆ ರಸ್ತೆಯ ಕೆಲಸ ನಡೆದಿತ್ತು, ಅರ್ಧ ತಾಸು ಬಿಸಿಲಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡೇ ಕೂತೆವು. ಏರಲಿಲ್ಲ. ಇಷ್ಟು ಚೆನ್ನಾಗಿ ರಿಪೇರಿ ಮಾಡಬಾರದಿತ್ತು. ಒಂದೇ ಒಂದು ಸಲ ಏರಲಿ, ಬದಿಗೆ ನಿಲ್ಲಿಸಿ ಆರುವ ತನಕ ಒಂದು ತಾಸು ಅವಳ ಜೊತೆ ಕೂರುತ್ತೇನೆ ಎಂದು ಕಾದೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಓದುವವರು ಯಾರೂ ಇಲ್ಲ.

ಬೀಳಗಿ ಊರೊಳಗೆ ಬಂದಾಗ ವೈಶಾಲಿ ಹೇಳಿದಳು, "ಅತ್ತಿ, ಕೂಲೆಂಟ್ ತಿಂಗಳಿಗೊಮ್ಮೆ ನೋಡ್ರಿ. ಬಿಸಿ ಇದ್ದಾಗ ಮುಚ್ಚಳ ತಗೀಬ್ಯಾಡ್ರಿ."

"ನನಗ ಹೇಳಬ್ಯಾಡ" ಎಂದೆ.

"ಬೇವಿನ ಕೆಳಗ ನಿಂದ್ರಸ್ರಿ."

"ಹೂಂ."

ಅಣ್ಣಾಸಾಹೇಬರು ಕಾರಿನ ಸುತ್ತ ಒಂದು ಸುತ್ತು ಬಂದು, "ಮುಟ್ಟಿತಲ್ರಿ" ಎಂದರು. ಮುಟ್ಟುವುದಿಲ್ಲ ಎಂದೇ ನಂಬಿದ್ದರು. ಸೀರೆಯನ್ನು ನಾನೇ ಉಡಿಸಿದೆ. ನೆರಿಗೆ ಹಿಡಿಯುವಾಗ ಅವಳ ಕೈ ತಣ್ಣಗಿತ್ತು. ಎದುರು ಕೂತ ಮಾಸ್ತರ ಇವತ್ತು ಕುತ್ತಿಗೆಯ ಗುಂಡಿ ಬಿಚ್ಚಿ ಬಂದಿದ್ದ, ಯಾರೋ ಹೇಳಿರಬೇಕು. ಹೊರಡುವಾಗ ಅವಳು ಕಾಲಿಗೆ ಬಿದ್ದಳು. ಏನಾದರೂ ಹೇಳಬೇಕಲ್ಲ ಎಂದು, ಅವನ ಕಡೆ ತಿರುಗಿ, "ಆಕೀ ಮಾತ ಕೇಳ್ರಿ. ನಾ ಕೇಳದ ಎರಡ ವರ್ಷ ಇಂಜಿನ್ ಕುದಿಸೇನಿ" ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಬರುವಾಗ ಒಬ್ಬಳೇ. ಪಕ್ಕದ ಸೀಟು ಖಾಲಿ. ಮುಳ್ಳು ನಡುವಿನಲ್ಲೇ ಇತ್ತು, ಹಲ್ಲು ಕಿರಿದ ಹಾಗೆ. ಬೇವಿನ ಕೆಳಗೆ ನಿಲ್ಲಿಸಿದೆ.

ಸಂಜೆ ಕಪಾಟು ತೆರೆದೆ. ಆ ಚೀಲವನ್ನು ಇನ್ನು ಎಸೆದರಾಯಿತು, ಸಾಬಣ್ಣನಿಗೆ ತೋರಿಸಿ ಆಗಬೇಕಾದ್ದೇನಿದೆ ಎಂದುಕೊಂಡಿದ್ದೆ. ಹಸಿರು, ಮೆರೂನು, ಹಳದಿ, ಗುಲಾಬಿ ಇದ್ದ ಹಾಗೇ ಇದ್ದವು. ಕೆಳಗಿನ ಜಾಂಬಳಿಯನ್ನು ಮಾತ್ರ ಕತ್ತರಿಯಿಂದ ಎರಡು ಮಾಡಲಾಗಿದೆ. ಒಂದು ಭಾಗವನ್ನು ತೆಗೆದುಕೊಂಡು ಹೋಗಿದ್ದಾಳೆ. ಅಂಚು ಸೊಟ್ಟಗಿದೆ. ನನಗೆ ಬಿಟ್ಟು ಹೋದದ್ದು ದೊಡ್ಡ ತುಂಡು.

ಕೊನೆಗೂ ಅಳತೆ ಬರಲಿಲ್ಲ ಆ ಹುಡುಗಿಗೆ.